ಎರಡನೆಯ ಗುಂಡು

"ಗುರುಗಳೇ, ಕಣ್ಣಾರೆ ಕಂಡ ಮೇಲೂ ವಿಚಾರಿಸಬೇಕೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು, ನೆನೆಹಾಕಿದ ಅವರೆಕಾಳು ಇದುಕುತ್ತಿದ್ದರು. ತಲೆ ಎತ್ತದೆ, "ಏನು ಕಂಡೆ?" ಎಂದರು.

"ಉಗ್ರಾಣದ ಬಸಲಿಂಗ ತುಪ್ಪದ ತಂಬಿಗೆಯನ್ನು ಪಂಚೆಯ ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಹೋದದ್ದನ್ನು ಕಂಡೆ. ಉಗ್ರಾಣದಲ್ಲಿ ತುಪ್ಪ ಕಡಿಮೆಯಾಗುತ್ತಲೇ ಇದೆ. ನಾಳೆ ಬೆಳಿಗ್ಗೆ ಅವನನ್ನು ಮಠದಿಂದ ಕಳಿಸಿಬಿಡಿ. ಹಳಬ ಎಂದು ಕರುಣೆ ತೋರಿಸಬೇಡಿ."

"ಗಡಿಗೆ ಸೋರುತ್ತಿರಬಹುದು. ಬೆಕ್ಕು ಬಾಯಿ ಹಾಕಿರಬಹುದು."

"ಎಲ್ಲವನ್ನೂ ನೋಡಿಯೇ ಬಂದಿದ್ದೇನೆ. ಗಡಿಗೆ ಸರಿ ಇದೆ, ತಕ್ಕಡಿ ಸರಿ ಇದೆ, ಬೀಗ ಸರಿ ಇದೆ. ಎಲ್ಲವೂ ಸರಿ ಇದ್ದ ಮೇಲೆ ಉಳಿದವನು ಬಸಲಿಂಗನೊಬ್ಬನೇ."

"ಇದಕ್ಕೆ ಮೊದಲು ನಿಮ್ಮಿಬ್ಬರ ನಡುವೆ ಏನಾದರೂ ನಡೆದಿತ್ತೇ?"

"ಏನೂ ಇಲ್ಲ" ಎಂದ ಚನ್ನವೀರ.

ಗುರುಗಳು ಕಾಳಿನ ಬಟ್ಟಲನ್ನು ಅವನತ್ತ ತಳ್ಳಿದರು. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಬಾಯಿ ಚಪಲಕ್ಕೆ ಅಂದುಕೊಂಡೆಯಾ? ಕೂತುಕೋ. ಕಾಳು ಇದುಕು. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ" ಎಂದು ಹೇಳಿ ಈ ಕತೆ ತೆಗೆದರು.

ಕೊಡಗಿನ ಕಡೆ ಒಂದೂರಿನಲ್ಲಿ ಮಂದಣ್ಣ ಎಂಬ ಬೇಟೆಗಾರನಿದ್ದ. ಅವನಷ್ಟು ಗುರಿ ಇದ್ದವನು ಆ ಸುತ್ತಿನಲ್ಲೇ ಇರಲಿಲ್ಲ. ಆ ನಾಡಿನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬವೊಂದಿದೆ. ಆ ದಿನ ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುತ್ತಾರೆ. ಮಂದಣ್ಣ ಬಂದು ನಿಂತರೆ ಉಳಿದವರು ಕೋವಿ ಕೆಳಗಿಡುತ್ತಿದ್ದರು. ಅವನಿಗೆ ಬೆಳ್ಳಿಯಪ್ಪ ಎಂಬ ತಮ್ಮನಿದ್ದ. ಅಣ್ಣ ಹೊಡೆಯುವವನು, ತಮ್ಮ ಕೋವಿ ಒರೆಸಿ ಎಣ್ಣೆ ಹಚ್ಚುವವನು. ಬೇಟೆಯಲ್ಲಿ ತಮ್ಮ ತಗಡು ಬಡಿದು ಮೃಗವನ್ನು ಎಬ್ಬಿಸಿದರೆ ಅಣ್ಣ ಉರುಳಿಸುತ್ತಿದ್ದ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಒಂದೇ ಒಲೆ.

ಮಂದಣ್ಣನಿಗೆ ವಯಸ್ಸಾಯಿತು. ಕಣ್ಣು ಮಂಜಾಯಿತು. ಕೋವಿಯ ನಳಿಗೆಯ ತುದಿಯಲ್ಲಿ ಗುರಿ ನೋಡಲು ಒಂದು ಮಣಿ ಇರುತ್ತದಲ್ಲ, ಅದು ದೂರದ ಗುರಿಯ ಜೊತೆ ಕಲಸಿಹೋಗತೊಡಗಿತು. ಅದನ್ನು ಯಾರಿಗೂ ಹೇಳದೆ ಅವನು ಪೇಟೆಗೆ ಹೋಗಿ ಕೋವಿಯ ಮೇಲೆ ಕೂರಿಸುವ ದುರ್ಬೀನು ತಂದ. ಅದರೊಳಗೆ ಎರಡು ಸಣ್ಣ ಎಳೆಗಳು ಒಂದನ್ನೊಂದು ಅಡ್ಡ ಹಾಯ್ದಿರುತ್ತವೆ. ಎಳೆಗಳು ಕೂಡುವ ಜಾಗವನ್ನು ಗುರಿಯ ಮೇಲಿಟ್ಟು ಹೊಡೆದರೆ ಆಯಿತು. ಗುಂಡು ಆಚೀಚೆ ಬಿದ್ದರೆ ಸರಿಪಡಿಸಲು ಮೇಲೊಂದು, ಪಕ್ಕದಲ್ಲೊಂದು ತಿರುಪು. ಅಂಥ ದುರ್ಬೀನನ್ನು ಅವನು ತನ್ನ ಆನೆಕೋವಿಗೆ ಕೂರಿಸಿದ. ಆನೆಕೋವಿ ಎಂದರೆ ಸಾಮಾನ್ಯವೇ? ಹೊಡೆದರೆ ಹೆಗಲಿನಲ್ಲಿ ರಕ್ತ ಹೆಪ್ಪುಗಟ್ಟುವಂತೆ ಒದೆಯುತ್ತದೆ. ಮೊದಲ ಗುಂಡಿಗೇ ದುರ್ಬೀನಿನ ಅಂಚು ಹಿಂದಕ್ಕೆ ಬಂದು ಮಂದಣ್ಣನ ಹುಬ್ಬನ್ನು ಸೀಳಿತು.

ಅದು ಹಬ್ಬದ ದಿನ. ಊರೆಲ್ಲ ನೋಡುತ್ತಿತ್ತು. ಕಾಯಿ ಮರದ ಮೇಲೆ ಹಾಗೆಯೇ ಇತ್ತು. ಮಂದಣ್ಣನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

ಬೆಳ್ಳಿಯಪ್ಪ ನಕ್ಕುಬಿಟ್ಟ. "ಅಣ್ಣನಿಗೆ ಕಣ್ಣು ಕಾಣುವುದಿಲ್ಲ ಮಾರಾಯರೇ, ಅದಕ್ಕೆ ಕೋವಿಗೆ ಕನ್ನಡಕ ಹಾಕಿಸಿದ್ದಾನೆ!" ಎಂದ. ಊರೂ ನಕ್ಕಿತು. ತಮಾಷೆಯ ಮಾತು. ಆದರೆ ಅಣ್ಣ ಮುಚ್ಚಿಟ್ಟಿದ್ದ ಸತ್ಯವೇ ಅದಾಗಿತ್ತು. ಮಂದಣ್ಣ ನಗಲಿಲ್ಲ. ಹುಬ್ಬು ಒರೆಸಿಕೊಂಡು ಮನೆಗೆ ಹೋದ.

ಅದೇ ವಾರ ಒಂಟಿ ಸಲಗವೊಂದು ಆ ಊರಿಗೆ ನುಗ್ಗಿತು. ಒಬ್ಬ ಮುದುಕನನ್ನು ತುಳಿದು ಕೊಂದಿತು. ಬೆಳಗಿನ ಜಾವ ಮಂದಣ್ಣನ ಮನೆಯ ಕೆಳಗಿನ ಗದ್ದೆಗೇ ಇಳಿಯತೊಡಗಿತು. ಹೊಡೆಯಲು ಅಪ್ಪಣೆ ಬಂತು. ಹೊಡೆಯಬೇಕಾದವನು ಮಂದಣ್ಣನೇ. ಗುರಿ ತಪ್ಪಿದರೆ ಆನೆಯ ಎದುರು ಬರಿಗೈಯಲ್ಲಿ ನಿಲ್ಲುವವನು ಬೆಳ್ಳಿಯಪ್ಪ. ಇದು ಇಬ್ಬರಿಗೂ ಗೊತ್ತಿತ್ತು.

ಮಂದಣ್ಣ ಕೋವಿಯ ಪರೀಕ್ಷೆಗೆ ಕೂತ. ಕಾಯಿ ಕಟ್ಟಿ ಒಂದು ಗುಂಡು ಹೊಡೆದ. ಎಡಕ್ಕೆ ಹೋಯಿತು. ತಿರುಪು ತಿರುಗಿಸಿ ಸರಿಪಡಿಸಿ ಕೋವಿಯನ್ನು ಗೋಡೆಗೆ ನೇತುಹಾಕಿದ. ಮಾರನೆಯ ದಿನ ಇನ್ನೊಂದು ಹೊಡೆದ. ಬಲಕ್ಕೆ ಹೋಯಿತು. ಮತ್ತೆ ಸರಿಪಡಿಸಿದ. ಅದರ ಮಾರನೆಯ ದಿನ ಗುಂಡು ಕಾಯಿಯ ಮೇಲೆ ಹಾದು ಎಲ್ಲೋ ಹೋಯಿತು.

ಯಾಕೆ ದಿನಕ್ಕೊಂದೇ ಗುಂಡು ಎಂದು ಕೇಳುತ್ತೀಯಾ? ಅಲ್ಲೇ ಇರುವುದು ಕತೆ. ಆ ನಾಡಿನ ಪದ್ಧತಿ ಹಾಗೆ. ಊರೊಳಗೆ ಒಂದು ಗುಂಡು ಹಾರಿದರೆ ಯಾರ ಮನೆಯಲ್ಲೋ ಗಂಡು ಹುಟ್ಟಿತು ಎನ್ನುತ್ತಾರೆ, ಇಲ್ಲವೇ ಯಾರೋ ಹಂದಿ ಹೊಡೆದರು ಎನ್ನುತ್ತಾರೆ. ಎರಡೂ ಸಂತೋಷವೇ. ಆದರೆ ಒಂದರ ಬೆನ್ನಿಗೆ ಒಂದು ಎರಡು ಗುಂಡು ಹಾರಿದರೆ ಸಾವು. ಅದು ಸಾವಿನ ಸುದ್ದಿ. ಕೇಳಿದವರು ಉಣ್ಣುತ್ತಿದ್ದ ಕೈ ತೊಳೆದು, ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ.

"ಮೂರು ಹೊಡೆಯಬಹುದಿತ್ತಲ್ಲ?" ಎಂದ ಚನ್ನವೀರ.

ಎಲಾ ಬುದ್ಧಿವಂತ! ಮೂರನೆಯದಕ್ಕೆ ಮೊದಲು ಎರಡನೆಯದು ಬರುವುದಿಲ್ಲವೇ? ಎರಡು ಕೇಳಿದ ಕೂಡಲೇ ಹೆಂಗಸರ ಎದೆ ಒಡೆದಿರುತ್ತದೆ. ಮೂರನೆಯದನ್ನು ಕೇಳಲು ಯಾರು ಕಾಯುತ್ತಾರೆ? ಬದುಕಿರುವವರ ಮನೆಯಂಗಳದಲ್ಲಿ ಎರಡು ಗುಂಡು ಹಾರಿಸುವುದು ಅಪಶಕುನ. ಕುಡಿದು ಬಿದ್ದವನೂ ಅಲ್ಲಿ ಹಾಗೆ ಮಾಡುವುದಿಲ್ಲ. ಸುಮ್ಮನೆ ಕಾಳು ಇದುಕು.

ಮಂದಣ್ಣ ದಡ್ಡನಲ್ಲ. ನಿನ್ನ ಹಾಗೆ ಅವನೂ ಒಂದೊಂದನ್ನೇ ಪರೀಕ್ಷೆ ಮಾಡಿದ. ದುರ್ಬೀನು ಬಿಚ್ಚಿಟ್ಟು, ಹತ್ತಿರದ ಕಾಯಿಗೆ ಮಣಿ ನೋಡಿ ಹೊಡೆದ. ಕಾಯಿ ಒಡೆಯಿತು. ಕೋವಿ ಸರಿ. ಅದೇ ದುರ್ಬೀನನ್ನು ಮೊಲ ಹೊಡೆಯುವ ಚಿಕ್ಕ ಕೋವಿಗೆ ಕೂರಿಸಿ ಹೊಡೆದ. ಆ ಕೋವಿ ಒದೆಯುವುದೇ ಇಲ್ಲ, ಹೆಗಲು ತಟ್ಟುತ್ತದೆ ಅಷ್ಟೇ. ಕಾಯಿ ಒಡೆಯಿತು. ದುರ್ಬೀನು ಸರಿ. ಎರಡು ಸಲವೂ ಹೊಡೆದದ್ದು ಅವನೇ. ಹಾಗಾದರೆ ಅವನ ಕೈ ಸರಿ. ಎಲ್ಲವೂ ಸರಿ, ಆದರೂ ದುರ್ಬೀನು ಹೊತ್ತ ಆನೆಕೋವಿಯ ಗುಂಡು ಮಾತ್ರ ದಿನಕ್ಕೊಂದು ಕಡೆ ಹೋಗುತ್ತದೆ. ಊರಿನವರು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳತೊಡಗಿದರು. ಆ ಮಾತು ಮಂದಣ್ಣನ ಕಿವಿಗೂ ಬಿತ್ತು.

ಅವನು ಯೋಚಿಸಿದ. ಇವತ್ತು ನಾನು ಸರಿಪಡಿಸುತ್ತೇನೆ, ನಾಳೆ ಅದು ತಪ್ಪಿರುತ್ತದೆ. ಹಾಗಾದರೆ ಇವತ್ತು ಮತ್ತು ನಾಳೆಯ ನಡುವೆ ಯಾರೋ ತಿರುಪು ತಿರುಗಿಸುತ್ತಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ, ನೋಡು. ತಪ್ಪು ಹುಡುಕಲು ಎಲ್ಲೂ ಸಂದಿಲ್ಲ. ಕೋವಿ ಇರುವುದು ಒಳಮನೆಯಲ್ಲಿ. ಮುಟ್ಟುವವನು ಒಬ್ಬನೇ.

ಬೆಳಿಗ್ಗೆ ಅವನು ಬಾಗಿಲ ಸಂದಿಯಿಂದ ನೋಡಿದ. ಬೆಳ್ಳಿಯಪ್ಪ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ಕೈ ದುರ್ಬೀನಿನ ಮೇಲಿತ್ತು. ಮಂದಣ್ಣ ಅದನ್ನು ಕಣ್ಣಾರೆ ಕಂಡ.

ಅವನು ಬಾಗಿಲು ದೂಡಿಕೊಂಡು ಒಳಗೆ ಹೋದ. "ತಿರುಪನ್ನು ಯಾಕೆ ತಿರುಗಿಸುತ್ತಿದ್ದೀ?" ಎಂದ.

ಬೆಳ್ಳಿಯಪ್ಪನಿಗೆ ಮೊದಲು ಅರ್ಥವಾಗಲಿಲ್ಲ. "ಗಾಜಿಗೆ ಮಂಜು ಹಿಡಿದಿತ್ತಣ್ಣ, ಒರೆಸುತ್ತಿದ್ದೆ" ಎಂದ. ಆಮೇಲೆ ಅರ್ಥವಾಯಿತು. "ನಾನಾ? ನಾನು ನಿನ್ನ ಗುರಿ ತಪ್ಪಿಸುವುದಾ? ಗುರಿ ತಪ್ಪಿದರೆ ಆನೆಯ ಕಾಲಿಗೆ ಸಿಗುವವನು ಯಾರಣ್ಣ?"

"ನೀನು ತಗಡು ಬಡಿದು ಗದ್ದೆಯಂಚಿನ ಬಂಡೆಯ ಮರೆಗೆ ಸೇರುತ್ತೀ. ನಿನಗೇನಾಗುತ್ತದೆ? ಊರೆದುರು ನಗೆಪಾಟಲಾಗುವವನು ನಾನು. ಹಬ್ಬದ ದಿನ ನಕ್ಕವನು ನೀನೇ ಅಲ್ಲವೇ?"

ಬೆಳ್ಳಿಯಪ್ಪ ಕೋವಿಯನ್ನು ಮೆಲ್ಲಗೆ ಅಣ್ಣನ ಕೈಗೆ ಕೊಟ್ಟ. "ಆ ದುರ್ಬೀನನ್ನು ಕಿತ್ತು ಬಿಸಾಡಣ್ಣ. ಹತ್ತಿರ ಹೋಗಿ ಮಣಿ ನೋಡಿ ಹೊಡೆ. ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ" ಎಂದ.

ಅದಕ್ಕಿಂತ ಒಳ್ಳೆಯ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆದರೆ ಮಂದಣ್ಣನ ಕಿವಿಗೆ ಅದು ಹಾಗೆ ಬೀಳಲಿಲ್ಲ. "ನಾನು ಹತ್ತಿರ ಹೋಗಬೇಕು, ಆನೆ ನನ್ನನ್ನು ತುಳಿಯಬೇಕು, ಮನೆಯ ಹಿರಿತನ ನಿನಗೆ ಬರಬೇಕು. ಇದೇ ತಾನೇ?" ಎಂದ.

ನೋಡು, ಎಂಥ ಮಾತು! ಎತ್ತಿ ಆಡಿಸಿದ ತಮ್ಮನಿಗೆ ಹೇಳುವ ಮಾತೇ ಅದು?

ಬೆಳ್ಳಿಯಪ್ಪ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿ ಕೆಳಗಿಟ್ಟ. "ಹಾಗಾದರೆ ನಾನು ಇವತ್ತಿನಿಂದ ಕೋವಿ ಮುಟ್ಟುವುದಿಲ್ಲ. ನಿನ್ನ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೋ. ನಾಳೆ ಆನೆ ಇಳಿದಾಗ ಬಂಡೆಯ ಮರೆಯಲ್ಲೂ ನಿಲ್ಲುವುದಿಲ್ಲ, ಗದ್ದೆಯ ನಡುವೆ ನಿಲ್ಲುತ್ತೇನೆ. ತಿರುಪು ತಿರುಗಿಸಿದವನು ನಾನಾಗಿದ್ದರೆ ಅಲ್ಲಿ ನಿಲ್ಲುತ್ತಿದ್ದೆನಾ, ನೀನೇ ಹೇಳು" ಎಂದ. ಅಣ್ಣ ಕೋವಿ ಎತ್ತಿಕೊಂಡು ಹೊರಗೆ ಹೋದ.

ಆ ಸಂಜೆ ಮಂದಣ್ಣ ತಿರುಪು ಸರಿಪಡಿಸಿ ಒಂದು ಗುಂಡು ಹೊಡೆದ. ತೆಂಗಿನಕಾಯಿ ಚೂರುಚೂರಾಯಿತು.

ಅವನಿಗೆ ಎಷ್ಟು ಸಂತೋಷವಾಯಿತು ಗೊತ್ತೇ? ತಮ್ಮ ಕೋವಿ ಮುಟ್ಟುವುದನ್ನು ಬಿಟ್ಟ ದಿನವೇ ಗುರಿ ಸರಿಯಾಯಿತು! ಇನ್ನೇನು ಸಾಕ್ಷಿ ಬೇಕು? ಕೋವಿಯನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ನಿದ್ದೆ ಹೋದ. ತನ್ನ ಅನುಮಾನ ನಿಜವಾಯಿತು ಎಂಬ ನೆಮ್ಮದಿ ಇದೆಯಲ್ಲ, ಅದಕ್ಕಿಂತ ಸುಖದ ನಿದ್ದೆ ಇನ್ನೊಂದಿಲ್ಲ.

ಬೆಳಗಾಯಿತು. ಸಲಗ ಗದ್ದೆಗೆ ಇಳಿಯಿತು. ಮಂದಣ್ಣ ಏರಿಯ ಮೇಲೆ ಕೋವಿ ಊರಿ ಕೂತ. ಬೆಳ್ಳಿಯಪ್ಪ ಹೇಳಿದಂತೆಯೇ ಬಯಲಿನಲ್ಲಿ ನಿಂತು ತಗಡು ಬಡಿದ. ಆನೆ ತಿರುಗಿತು. ಹಣೆ ಎದುರಿಗೆ ಬಂತು. ಮಂದಣ್ಣ ಎಳೆಗಳು ಕೂಡುವ ಜಾಗವನ್ನು ಹಣೆಯ ಮೇಲಿಟ್ಟ. ದುರ್ಬೀನಿನೊಳಗೆ ಎಲ್ಲವೂ ನೆಟ್ಟಗೆ, ನಿಚ್ಚಳವಾಗಿ ಕಂಡಿತು. ಹೊಡೆದ.

ಆನೆಯ ಎಡಗಿವಿ ಹರಿದುಹೋಯಿತು.

ಆನೆ ಏನಾಯಿತೆಂದು ತಿಳಿಯದೆ ನಿಂತಲ್ಲೇ ತಲೆ ಕೊಡವಿತು. ನನ್ನ ಕೈ ನಡುಗಿತೇ ಎಂದುಕೊಂಡ ಮಂದಣ್ಣ. ಇನ್ನೊಂದು ಗುಂಡು ಏರಿಸಿದ. ತಿರುಪು ಮುಟ್ಟಲಿಲ್ಲ. ಕೋವಿ ಕದಲಿಸಲಿಲ್ಲ. ಉಸಿರು ಹಿಡಿದು ಅದೇ ಹಣೆಯ ಮೇಲೆ, ಅದೇ ಜಾಗದಲ್ಲಿ ಎಳೆಗಳನ್ನಿಟ್ಟು ಹೊಡೆದ.

ಗುಂಡು ಬಲಗಡೆಯ ಗದ್ದೆಯ ಬದುವಿಗೆ ಬಡಿದು ಕೆಸರು ಚಿಮ್ಮಿತು.

ಆ ಕ್ಷಣದಲ್ಲಿ ಮಂದಣ್ಣನಿಗೆ ತಿಳಿಯಿತು. ಮೊದಲನೆಯದು ಎಡಕ್ಕೆ, ಎರಡನೆಯದು ಬಲಕ್ಕೆ. ಎರಡರ ನಡುವೆ ಕೋವಿಯನ್ನು ಯಾರೂ ಮುಟ್ಟಿಲ್ಲ. ದೇವರೂ ಮುಟ್ಟಿಲ್ಲ. ಎಳೆಗಳನ್ನು ಹಿಡಿದು ನಿಲ್ಲಿಸುವ ಸಣ್ಣ ಸ್ಪ್ರಿಂಗೊಂದು ಆ ದುರ್ಬೀನಿನ ಒಳಗಿತ್ತು. ಅದು ಸಡಿಲವಾಗಿತ್ತು. ಕೋವಿ ಒದ್ದಾಗಲೆಲ್ಲ ಎಳೆಗಳು ಬೇರೆ ಕಡೆ ಸರಿದು ಕೂರುತ್ತಿದ್ದವು. ಚಿಕ್ಕ ಕೋವಿ ಒದೆಯುವುದಿಲ್ಲ, ಹಾಗಾಗಿ ಅಲ್ಲಿ ಸರಿಯಲಿಲ್ಲ. ಹಿಂದಿನ ಸಂಜೆ ಕಾಯಿ ಒಡೆದದ್ದು ನಿಜ. ಆದರೆ ಕಾಯಿ ಒಡೆದ ಆ ಗುಂಡೇ ಎಳೆಗಳನ್ನು ಮತ್ತೆ ಸರಿಸಿತ್ತು. ಕಣ್ಣಿಟ್ಟು ನೋಡುವವನಿಗೆ ಅದು ತಿಳಿಯುವುದಿಲ್ಲ. ಅವನಿಗೆ ಎಳೆಗಳು ಯಾವಾಗಲೂ ನಟ್ಟನಡುವೆಯೇ ಕಾಣುತ್ತವೆ.

"ಬೆಳ್ಳಿಯಪ್ಪಾ, ಓಡೋ!" ಎಂದು ಮಂದಣ್ಣ ಕೂಗಿದ. ಓಡಲು ಅಲ್ಲಿ ಬಂಡೆ ಇರಲಿಲ್ಲ. ಬಯಲು ಕೆಸರಾಗಿತ್ತು.

ಮೂರನೆಯ ಗುಂಡು ಏರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆನೆ ಕಾಡು ಸೇರಿತು. ಗದ್ದೆಯಲ್ಲಿ ತಗಡು ಬಿದ್ದಿತ್ತು, ಅದರ ಪಕ್ಕದಲ್ಲಿ ಬೆಳ್ಳಿಯಪ್ಪ ಬಿದ್ದಿದ್ದ. ಮಂದಣ್ಣ ಓಡಿಹೋಗಿ ತಮ್ಮನ ತಲೆಯನ್ನು ಎತ್ತಿ ಹಿಡಿದ. ಹಿಡಿದದ್ದಷ್ಟೇ.

ಇನ್ನು ಕೇಳು. ಆ ಬೆಳಿಗ್ಗೆ ಆನೆ ಇಳಿದದ್ದು ಊರಿನವರಿಗೆ ಗೊತ್ತಿರಲಿಲ್ಲ. ಅವರಿಗೆ ಕೇಳಿದ್ದು ಒಂದರ ಬೆನ್ನಿಗೆ ಒಂದು, ಎರಡು ಗುಂಡು. ಬೆಳಗಿನ ಗಂಜಿ ಬಿಟ್ಟೆದ್ದು ಬಿಳಿ ಬಟ್ಟೆ ಉಟ್ಟು ಹೊರಟರು. ಶಬ್ದ ಬಂದ ದಿಕ್ಕು ಹಿಡಿದು ಮಂದಣ್ಣನ ಮನೆಯಂಗಳಕ್ಕೇ ಬಂದರು. ಬೆಳ್ಳಿಯಪ್ಪನ ಹೆಂಡತಿ ನೀಲವ್ವನೂ ಗುಂಡಿನ ಶಬ್ದ ಕೇಳಿದ್ದಳು. ಆನೆ ಉರುಳಿರಬೇಕು, ಇಬ್ಬರೂ ಹಸಿದು ಬರುತ್ತಾರೆ ಎಂದು ರೊಟ್ಟಿ ತಟ್ಟುತ್ತಿದ್ದಳು. ಅಂಗಳದಲ್ಲಿ ಬಿಳಿ ಬಟ್ಟೆಯವರನ್ನು ಕಂಡು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಯ್ಯೋ, ಯಾರ ಮನೆಯಲ್ಲಿ ಸಾವಾಯಿತು?" ಎಂದು ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ಅವರೂ ಅದನ್ನೇ ಕೇಳಲು ಬಂದಿದ್ದರು. ಅಷ್ಟರಲ್ಲಿ ಗದ್ದೆಯ ಕಡೆಯಿಂದ ಮಂದಣ್ಣ ತಮ್ಮನನ್ನು ಹೊತ್ತುಕೊಂಡು ಹತ್ತಿ ಬಂದ.

ನೀಲವ್ವ ಗಂಡನತ್ತ ಓಡಿದಳು. ಅಲ್ಲೇ ಕುಸಿದಳು. ಹೆಂಗಸರು ಹಿಡಿದುಕೊಂಡರು. ಗಂಡನನ್ನು ಅಂಗಳದಲ್ಲಿ ಮಲಗಿಸಿದ ಮೇಲೆ ಮಂದಣ್ಣನ ಮುಖವನ್ನೇ ನೋಡಿ ಕೇಳಿದಳು: "ಭಾವ, ಇವರೇ ತಿರುಪು ತಿರುಗಿಸಿದ್ದು ಎಂದಿರಲ್ಲ?"

"ಇಲ್ಲವ್ವಾ" ಎಂದ ಮಂದಣ್ಣ. "ಅವನು ಮುಟ್ಟಿಲ್ಲ. ದುರ್ಬೀನೇ ಕೆಟ್ಟಿತ್ತು. ಎರಡು ಗುಂಡು ಒಂದರ ಹಿಂದೆ ಒಂದು ಹೊಡೆದಾಗ ತಿಳಿಯಿತು."

"ಆ ಎರಡನೆಯ ಗುಂಡನ್ನು ನಿನ್ನೆಯೇ ಹೊಡೆದು ನೋಡಬಾರದಿತ್ತಾ, ಭಾವ?"

"ಅಪಶಕುನ ಅಂತ..." ಎಂದ ಮಂದಣ್ಣ. ಅವನ ಹುಬ್ಬಿನ ಗಾಯ ಇನ್ನೂ ಮಾಗಿರಲಿಲ್ಲ, ಅದು ಬಿರಿದು ರಕ್ತ ಬರುತ್ತಿತ್ತು. ಒರೆಸಿಕೊಳ್ಳುವುದು ಅವನಿಗೆ ಹೊಳೆಯಲಿಲ್ಲ. ಆ ಮನೆಯಲ್ಲಿ ಸಾವಿಗೆ ಬೇರೆ ಗುಂಡು ಹಾರಿಸಲಿಲ್ಲ. ಹಾರಿಸಬೇಕಾದ ಎರಡೂ ಆಗಲೇ ಹಾರಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಬಟ್ಟಲಿನಲ್ಲಿ ಕಾಳು ಹಾಗೆಯೇ ಉಳಿದಿತ್ತು. ಅವನು ಒಂದು ಕಾಳನ್ನು ಕೈಗೆತ್ತಿಕೊಂಡು, "ಪಾಪ, ಮಂದಣ್ಣನಿಗೆ ದುರ್ಬೀನು ಮೋಸ ಮಾಡಿತು. ನನ್ನ ಬಳಿ ದುರ್ಬೀನು ಇರಲಿಲ್ಲ ಗುರುಗಳೇ. ನಾನು ಬರಿಗಣ್ಣಿನಿಂದಲೇ ಕಂಡೆ" ಎಂದ.

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಪಂಕ್ತಿಯಲ್ಲಿ ಎಲ್ಲರೆದುರು ಬಸಲಿಂಗ ನಿನ್ನನ್ನು ಹೊಟ್ಟೆಬಾಕ ಎಂದು ನಕ್ಕನಲ್ಲ, ಅದು ನೀನು ತಂಬಿಗೆ ಕಂಡದ್ದಕ್ಕಿಂತ ಮೊದಲೋ, ಆಮೇಲೋ?"